ಬಾಂಬಿಗೊಂದು ಎನ್‌ಓಸಿ

ದೇಶದ ಅಣುಶಕ್ತಿ ಸಂಸ್ಥೆಗಳ ಬಾಗಿಲಿಗೆ ಹೋಗಬೇಕೆಂದರೆ ಬೇರೆ ಊರುಗಳಲ್ಲಿ ಏನೇನು ಬೇಕೋ ಗೊತ್ತಿಲ್ಲ. ಹೈದರಾಬಾದಿನಲ್ಲಿ ಸಿಟಿ ಬಸ್ಸಿನ ಟಿಕೆಟ್ ಸಾಕು. ಇಸಿಐಎಲ್ ಅನ್ನುವುದು ನಮ್ಮಲ್ಲಿ ಒಂದು ಬಸ್ ಸ್ಟಾಪು. ಅಣುಶಕ್ತಿ ಇಲಾಖೆ 1967ರಲ್ಲಿ ಹುಟ್ಟುಹಾಕಿದ ಎಲೆಕ್ಟ್ರಾನಿಕ್ಸ್ ಕಂಪನಿಯ ಹೆಸರು ಅದು ಎಂದು ಅಲ್ಲಿ ಇಳಿದು ಕೊತ್ತಂಬರಿ ಸೊಪ್ಪಿಗೆ ಚೌಕಾಸಿ ಮಾಡುವವರಿಗೆ ಹೇಳಿ ನೋಡಿ, "ಹೌದಾ? ನಾವು ಚೌರಸ್ತೆಯ ಹೆಸರು ಅಂದ್ಕೊಂಡಿದ್ವಿ" ಅನ್ನುತ್ತಾರೆ. ಮಿಧಾನಿ ಅಂದರೆ ಬಸ್ ಡಿಪೊ. ಕ್ಷಿಪಣಿಗೆ ಬೇಕಾದ ವಿಶೇಷ ಲೋಹ ಅಲ್ಲಿ ತಯಾರಾಗುತ್ತದೆ ಎಂಬುದು ಕಂಡಕ್ಟರಿಗೆ ಸಂಬಂಧಿಸಿದ ವಿಷಯವಲ್ಲ. 2023ರ ಡಿಸೆಂಬರಿನಿಂದ ತೆಲಂಗಾಣದ ಹೆಂಗಸರಿಗೆ ಜೀರೊ ಟಿಕೆಟ್ ಬೇರೆ. ಭಾರತದ ಅಣು ಕಾರ್ಯಕ್ರಮದ ಗೇಟಿನವರೆಗೆ ಪುಕ್ಕಟೆ ಪ್ರಯಾಣ. ಹೊಸ್ತಿಲ ಆಚೆಗೆ ಮಾತ್ರ ಪ್ರವೇಶವಿಲ್ಲ.

ನಾನಿರುವುದು ದಿಲ್‌ಸುಖ್‌ನಗರದಲ್ಲಿ. ಕೋಚಿಂಗ್ ಸೆಂಟರು, ಹಾಸ್ಟೆಲ್ಲು, ಸೀರೆ ಅಂಗಡಿ, ಗುರುವಾರ ಸಾಯಿಬಾಬಾ ಗುಡಿಯ ನೂಕುನುಗ್ಗಲು, ತಲೆ ಮೇಲೆ ಮೆಟ್ರೊ. ಶಸ್ತ್ರಾಸ್ತ್ರ ಎಲ್ಲಿಡಬೇಕು ಎಂದು ದೊಡ್ಡ ದೇಶಗಳು ತಲೆ ಕೆಡಿಸಿಕೊಂಡರೆ ಇಲ್ಲಿ ಸ್ಕೂಟರ್ ಎಲ್ಲಿಡಬೇಕು ಎಂಬುದೇ ಭದ್ರತಾ ಪ್ರಶ್ನೆ. ಅದಕ್ಕೆ ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೊಂದು ಬೋರ್ಡು ತೂಗಿದೆ: 'ಇಲ್ಲಿ ಗಾಡಿ ನಿಲ್ಲಿಸಬಾರದು. ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು.' ಭಾರತ ಸರ್ಕಾರ 2003ರ ಜನವರಿಯಲ್ಲಿ ಪ್ರಕಟಿಸಿದ ಅಣ್ವಸ್ತ್ರ ನೀತಿಯೂ ಹೆಚ್ಚು ಕಡಿಮೆ ಇದೇ ಒಕ್ಕಣೆಯದು. ನಾವಾಗಿ ಮೊದಲು ಕೈ ಎತ್ತುವುದಿಲ್ಲ. ನೀವು ಎತ್ತಿದಿರೋ, ನಾಲ್ಕೂ ಚಕ್ರದ ಗಾಳಿ. ಬೋರ್ಡಿನ ಕೆಳಗೆ ದಿನವೂ ಎರಡು ಬೈಕು ನಿಂತಿರುತ್ತವೆ ಎಂಬುದು ಬೇರೆ ಮಾತು.

ಈ ಅಪಾರ್ಟ್‌ಮೆಂಟಿನ ಜನರಲ್ ಬಾಡಿ ಮೀಟಿಂಗಿನಲ್ಲಿ ನಾನೊಮ್ಮೆ ಬಾಯಿ ತೆರೆದೆ. 2025ರ ಮೇ 7ರ ಮಾರನೆಯ ವಾರ. 7ರ ಸಂಜೆ ನಾಲ್ಕಕ್ಕೆ 'ಆಪರೇಷನ್ ಅಭ್ಯಾಸ್' ಎಂಬ ಅಣಕು ಕವಾಯತು ನಗರದ ನಾಲ್ಕು ಕಡೆ ನಡೆದಿತ್ತು: ಸಿಕಂದರಾಬಾದ್, ಗೋಲ್ಕೊಂಡ, ಕಂಚನ್‌ಬಾಗಿನ ಡಿಆರ್‌ಡಿಓ, ಮೌಲಾಲಿಯ ಅಣು ಇಂಧನ ಸಂಕೀರ್ಣವಾದ ಎನ್‌ಎಫ್‌ಸಿ. ಸೈರನ್ ನಮಗೆ ಕೇಳಿಸಿತೋ ಇಲ್ಲವೋ ಎಂಬ ಬಗ್ಗೆ ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ಇನ್ನೂ ಒಮ್ಮತವಿಲ್ಲ. ಸಂಜೆ ನಾಲ್ಕಕ್ಕೆ ಚೈತನ್ಯಪುರಿ ಸಿಗ್ನಲಿನ ಹಾರನ್ನುಗಳ ನಡುವೆ ಯುದ್ಧ ಘೋಷಣೆಯಾದರೂ ಯಾರಿಗೂ ಗೊತ್ತಾಗಲಿಕ್ಕಿಲ್ಲ. ಆದರೆ ಒಂದು ಉಪಕಾರವಾಯಿತು. ಶತ್ರು ಬರುವುದಾದರೆ ಯಾವ ಮನೆಗೆ ಬರುತ್ತಾನೆ ಎಂಬ ಪಟ್ಟಿಯನ್ನು ಸರ್ಕಾರವೇ ಓದಿ ಹೇಳಿದಂತಾಯಿತು. ಕಂಚನ್‌ಬಾಗ್ ನಮಗೆ ಸಂತೋಷ್‌ನಗರ ದಾಟಿದರೆ ಸಿಕ್ಕಿತು. ಅಗ್ನಿ ಕ್ಷಿಪಣಿಗಳ ವಿನ್ಯಾಸ ನಡೆಯುವುದು ಆ ಕಡೆ. ಐದು ಸಾವಿರ ಕಿಲೋಮೀಟರ್ ಆಚೆಗೆ ಗುರಿ ಇಡುವವರು ನಮ್ಮಿಂದ ಆಟೊ ದೂರದಲ್ಲಿದ್ದಾರೆ. (ಎನ್‌ಎಫ್‌ಸಿಯಲ್ಲಿ ಬಾಂಬ್ ಮಾಡುವುದಿಲ್ಲ, ವಿದ್ಯುತ್ ಸ್ಥಾವರದ ಇಂಧನ ಮಾಡುತ್ತಾರೆ, ನಿಮ್ಮ ಕೈಗಾದ ಒಲೆಗೆ ಸೌದೆ ಹೋಗುವುದೂ ಅಲ್ಲಿಂದಲೇ ಎಂದು ತಿಳಿದವರು ನನ್ನನ್ನು ತಿದ್ದಿದ್ದಾರೆ. ತಿದ್ದಿಸಿಕೊಂಡೆ. ಶತ್ರುವಿಗೂ ಯಾರಾದರೂ ಹೀಗೇ ತಿದ್ದಿ ಹೇಳಿದ್ದಾರೆಂದು ನಂಬೋಣ.)

ಮೀಟಿಂಗಿನಲ್ಲಿ ಎರಡು ಟಾರ್ಚು, ನಾಲ್ಕು ಬಕೆಟ್ ಮರಳು ಮಂಜೂರಾದವು. ಮರಳಿನ ರೇಟು ಕೇಳಿ ನಾಲ್ಕು ಎರಡಾಯಿತು. ನಾನು ಸುಮ್ಮನಿರಬಹುದಿತ್ತು. "ನಮ್ಮ ಬಿಲ್ಡಿಂಗ್ ಅಣ್ವಸ್ತ್ರ ಮುಕ್ತ ಅಂತ ಒಂದು ನಿರ್ಣಯ ಮಾಡಿ, ನಮ್ಮ ಕಾರ್ಪೊರೇಶನ್ನೂ ಹಂಗೇ ಮಾಡಲಿ ಅಂತ ಕಳಿಸೋಣ. ಜಗತ್ತಿನಲ್ಲಿ ಎಷ್ಟೋ ಊರು ಮಾಡಿವೆ" ಅಂದೆ. ಸೆಕ್ರೆಟರಿ ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಕಷ್ಟದ ವಿಷಯ ಬಂದಾಗ ಅವರು ಮಾಡುವುದು ಅದನ್ನೇ.

"ಸಾರ್, ಬಾಂಬು ಸೆಂಟ್ರಲ್ ಗವರ್ನಮೆಂಟ್ ಸಬ್ಜೆಕ್ಟು. ನಮ್ಮದು ಲಿಫ್ಟು."

ಸಭೆ ಲಿಫ್ಟಿಗೆ ಹೋಯಿತು. ನಾನು ಮನೆಗೆ ಬಂದು ಸಂವಿಧಾನ ತೆಗೆದೆ.

ಸೆಕ್ರೆಟರಿ ಹೇಳಿದ್ದು ಅಕ್ಷರಶಃ ನಿಜ. ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ ಮೊದಲನೆಯದೇ ರಕ್ಷಣೆ, ಆರನೆಯದು ಅಣುಶಕ್ತಿ. 74ನೇ ತಿದ್ದುಪಡಿಯಲ್ಲಿ ಬಂದ ಹನ್ನೆರಡನೇ ಅನುಸೂಚಿಯಲ್ಲಿ ನಗರಸಭೆಗಳಿಗೆಂದು 18 ಬಾಬತ್ತುಗಳಿವೆ; ಬಾಂಬು ಎಂಬ ಶಬ್ದ ಎಲ್ಲೂ ಇಲ್ಲ. ಆದರೆ ಪಟ್ಟಿಯನ್ನು ಇನ್ನೊಮ್ಮೆ, ಸ್ವಲ್ಪ ನಿಧಾನವಾಗಿ ಓದಿ. ಏಳನೆಯದು ಅಗ್ನಿಶಾಮಕ ಸೇವೆ. ಆರನೆಯದು ಸಾರ್ವಜನಿಕ ಆರೋಗ್ಯ, ಘನತ್ಯಾಜ್ಯ. ಹದಿನಾಲ್ಕನೆಯದು ಸ್ಮಶಾನ, ರುದ್ರಭೂಮಿ, ವಿದ್ಯುತ್ ಚಿತಾಗಾರ. ಹದಿನಾರನೆಯದು ಜನನ ಮರಣ ನೋಂದಣಿ. ಅಂದರೆ, ಬಾಂಬ್ ಮಾಡುವುದು, ಇಡುವುದು, ಎತ್ತುವುದು, ಎಸೆಯುವುದು ದೆಹಲಿಯ ಕೆಲಸ. ಬಿದ್ದ ಮೇಲೆ ಬೆಂಕಿ ಆರಿಸುವುದು, ಕಸ ಎತ್ತುವುದು, ಹೆಣ ಸುಡುವುದು, 21 ದಿನದೊಳಗೆ ಸಾವು ಬರೆದುಕೊಳ್ಳುವುದು ಕಾರ್ಪೊರೇಶನ್ ಕೆಲಸ. ಮದುವೆ ಮಾತುಕತೆಗೆ ಕರೆಯದೆ ಎಲೆ ಎತ್ತಲು ಮಾತ್ರ ಕರೆದ ಬಡ ನೆಂಟ ನಮ್ಮ ಮೇಯರು.

'ಬಿದ್ದ ಮೇಲೆ' ಅಂದರೇನು ಎಂದು ದಿಲ್‌ಸುಖ್‌ನಗರಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. 2013ರ ಫೆಬ್ರವರಿ 21, ಗುರುವಾರ, ಸಂಜೆ ಏಳರ ಹೊತ್ತು. ಕೋಣಾರ್ಕ್, ವೆಂಕಟಾದ್ರಿ ಥಿಯೇಟರುಗಳ ಬಳಿ, ಬಸ್ ಸ್ಟಾಪಿನ ಹತ್ತಿರವೊಂದು, ಮಿರ್ಚಿ ಭಜಿ ಅಂಗಡಿಯ ಹತ್ತಿರವೊಂದು. ಬಾಂಬ್ ಬಂದದ್ದು ಸೈಕಲ್ ಮೇಲೆ. ಎರಡು ಸೈಕಲ್ಲಿಗೆ 18 ಜೀವ. ಆ ರಾತ್ರಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಹಾಸ್ಟೆಲ್ ಹುಡುಗರನ್ನು ಹುಡುಕಿಕೊಂಡು ಅಲೆದ ತಂದೆ ತಾಯಿಯರು ಇದ್ದ ಊರಿದು. ಆ ಜಾಗದಲ್ಲಿ ಇವತ್ತೂ ಭಜಿ ಬೇಯುತ್ತದೆ. ಹಿರೋಷಿಮಾದ ಮೇಲೆ ಬಿದ್ದದ್ದು ಹದಿನೈದು ಸಾವಿರ ಟನ್ ಟಿಎನ್‌ಟಿಗೆ ಸಮನಾದ ಒಂದೇ ಬಾಂಬು. ವರ್ಷದ ಕೊನೆಗೆ ಸತ್ತವರು ಸುಮಾರು 1,40,000. ಊರಿನ ವೈದ್ಯರು, ದಾದಿಯರಲ್ಲಿ ಶೇ. 90ರಷ್ಟು ಜನ ಸತ್ತೋ ಗಾಯಗೊಂಡೋ ಮಲಗಿದ್ದರು. ಸೈಕಲ್ಲಿನ ಲೆಕ್ಕದಿಂದ ಈ ಲೆಕ್ಕಕ್ಕೆ ಹೋಗಲು ನನ್ನ ಗಣಿತ ಸಾಲದು.

ಹಿರೋಷಿಮಾದ ಮೇಯರ್ ಸೆಂಕಿಚಿ ಅವಾಯಾ 1945ರ ಆಗಸ್ಟ್ 6ರ ಬೆಳಗ್ಗೆ ಮನೆಯಲ್ಲೇ ಸತ್ತರು. ಊರಿಗೆ ಅನ್ನ ಹುಡುಕುವ ಕೆಲಸ ಬಿದ್ದದ್ದು ನಗರ ಕಚೇರಿಯ ರೇಷನ್ ವಿಭಾಗದ ಮುಖ್ಯಸ್ಥ ಶಿಂಜೊ ಹಮಾಯಿ ಹೆಗಲಿಗೆ. ನಮ್ಮ ಲೆಕ್ಕದಲ್ಲಿ ಫುಡ್ ಆಫೀಸಿನ ಸಾಹೇಬರು ಅನ್ನಿ. ಸುಟ್ಟ ಊರಿನಲ್ಲಿ ಅನ್ನದುಂಡೆ ಹಂಚಿಸಿದ ಆ ಮನುಷ್ಯನನ್ನೇ ಜನ 1947ರಲ್ಲಿ ಮೇಯರ್ ಮಾಡಿ ಆರಿಸಿದರು. ಆ ವರ್ಷದ ಆಗಸ್ಟ್ 6ರಂದು ಅವರು ಮೊದಲ ಶಾಂತಿ ಘೋಷಣೆ ಓದಿದರು. ಅಂದಿನಿಂದ ಅದು ಹಿರೋಷಿಮಾ ಮೇಯರರ ಕೆಲಸದ ಭಾಗ. 1982ರಲ್ಲಿ ಇನ್ನೊಬ್ಬ ಮೇಯರ್ ತಾಕೆಶಿ ಅರಾಕಿ ವಿಶ್ವಸಂಸ್ಥೆಗೆ ಹೋಗಿ ಊರುಗಳೆಲ್ಲ ಒಟ್ಟಾಗೋಣ ಅಂದರು. ಹಾಗೆ ಹುಟ್ಟಿದ 'ಶಾಂತಿಗಾಗಿ ಮೇಯರರು' ಕೂಟದಲ್ಲಿ ಈಗ 8,000ಕ್ಕೂ ಹೆಚ್ಚು ನಗರಗಳಿವೆ. ಎಲೆ ಎತ್ತುವವನೇ ಊಟದ ಪಟ್ಟಿ ಬಗ್ಗೆ ಮಾತಾಡಲು ನಿಂತರೆ ಹೀಗಾಗುತ್ತದೆ.

1968ರಿಂದ ಹಿರೋಷಿಮಾ ಇನ್ನೊಂದು ರೂಢಿ ಇಟ್ಟುಕೊಂಡಿದೆ. ಜಗತ್ತಿನಲ್ಲಿ ಯಾರೇ ಅಣು ಪರೀಕ್ಷೆ ಮಾಡಲಿ, ಆ ದೇಶಕ್ಕೆ ಮೇಯರ್ ಕಡೆಯಿಂದ ಪ್ರತಿಭಟನೆಯ ತಂತಿ. 1998ರ ಮೇ ತಿಂಗಳಲ್ಲಿ ನಮ್ಮ ಪೋಖ್ರಾನಿಗೂ ಬಂತು, ಪಾಕಿಸ್ತಾನಕ್ಕೂ ಹೋಯಿತು. ಅವತ್ತು ನಾವು ಬೀದಿಯಲ್ಲಿ ಪೇಡೆ ಹಂಚುತ್ತಿದ್ದೆವು. ತಂತಿ ಓದಲು ಪುರುಸೊತ್ತಿರಲಿಲ್ಲ. 2013ರ ಜುಲೈನಲ್ಲಿ ಭಾರತ ಟೆಲಿಗ್ರಾಂ ಸೇವೆಯನ್ನೇ ನಿಲ್ಲಿಸಿತು. ಕಾರಣ ಇದಲ್ಲ ಬಿಡಿ.

ಬ್ರಿಟನ್ನಿನವರ ಕಥೆ ಇನ್ನೂ ರುಚಿ. 1980ರ ನವೆಂಬರಿನಲ್ಲಿ ಮ್ಯಾಂಚೆಸ್ಟರ್ ಕೌನ್ಸಿಲ್ ತನ್ನ ಊರು ಅಣ್ವಸ್ತ್ರ ಮುಕ್ತ ಎಂದು ಸಾರಿತು. ಎರಡು ವರ್ಷದಲ್ಲಿ ವೇಲ್ಸಿಗೆ ವೇಲ್ಸೇ ಹಾಗೆ ಹೇಳಿತು. ಅದೇ ಹೊತ್ತಿಗೆ ಅಲ್ಲಿನ ಸರ್ಕಾರ ಜನರಿಗೊಂದು ಕೈಪಿಡಿ ಹೊರತಂದಿತ್ತು: ಬಾಂಬ್ ಬೀಳುವಂತಿದ್ದರೆ ಮನೆಯ ಒಳಬಾಗಿಲುಗಳನ್ನು ಕಳಚಿ ಗೋಡೆಗೆ ಓರೆಯಾಗಿ ಒರಗಿಸಿ, ಅದರಡಿ ಕೂತುಕೊಳ್ಳಿ. ಇದನ್ನು ದಿಲ್‌ಸುಖ್‌ನಗರದ ಬಾಡಿಗೆ ಪೋರ್ಷನ್‌ಗಳಲ್ಲಿ ಊಹಿಸಿ ನೋಡಿದೆ. ಬಾಂಬಿನಿಂದ ಉಳಿದುಕೊಂಡರೂ ಕಳಚಿದ ಬಾಗಿಲಿಗೆ ಓನರ್ ಆಂಟಿ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತಾರೆ. 1982ರಲ್ಲಿ ಸರ್ಕಾರ 'ಹಾರ್ಡ್ ರಾಕ್' ಎಂಬ ದೇಶವ್ಯಾಪಿ ಅಣಕು ಕವಾಯತು ಗೊತ್ತುಮಾಡಿತು. ಹಲವು ಕೌಂಟಿ ಕೌನ್ಸಿಲ್‌ಗಳು, 'ಅಣುಯುದ್ಧದಲ್ಲಿ ಊರನ್ನು ಕಾಪಾಡಲು ನಮ್ಮಿಂದಾಗದು, ಆಗುತ್ತದೆ ಎಂದು ನಟಿಸುವುದೂ ಇಲ್ಲ' ಎಂಬ ಧಾಟಿಯಲ್ಲಿ ಬರಲ್ಲ ಅಂದುಬಿಟ್ಟವು. ಕವಾಯತು ಬಿದ್ದುಹೋಯಿತು. ನಟಿಸಲಾರೆ ಎಂದ ಸ್ಥಳೀಯ ಸಂಸ್ಥೆಯನ್ನು ನಾನು ಬೇರೆಲ್ಲೂ ಕೇಳಿಲ್ಲ. ನಮ್ಮಲ್ಲಿ ಮಳೆಗಾಲಕ್ಕೆ ಸಜ್ಜು ಎಂದು ಪ್ರತಿ ಮೇ ತಿಂಗಳು ಹೇಳಿಕೆ ಬರುತ್ತದೆ. 2020ರ ಅಕ್ಟೋಬರಿನಲ್ಲಿ ಸರೂರ್‌ನಗರ ಕೆರೆ ಉಕ್ಕಿ ಕಾಲೊನಿಗಳಲ್ಲಿ ದೋಣಿ ಓಡಿದ್ದನ್ನು ದೇಶವೇ ಟಿವಿಯಲ್ಲಿ ನೋಡಿತು. ಕೆರೆಯ ನೀರಿಗೆ ಈ ಪಾಡು.

ಆದರೆ ನನಗೆ ನಿದ್ದೆಗೆಡಿಸಿದ ಊರು ಮ್ಯಾಂಚೆಸ್ಟರೂ ಅಲ್ಲ, ಹಿರೋಷಿಮಾವೂ ಅಲ್ಲ, ಕೋಬೆ. ಜಪಾನಿನ ಬಂದರು. ಅಲ್ಲಿ ಬಂದರಿನ ಆಡಳಿತ ನಗರಸಭೆಯ ಕೈಯಲ್ಲಿದೆ. 1975ರ ಮಾರ್ಚ್ 18ರಂದು ಕೋಬೆ ನಗರಸಭೆ ಒಂದು ನಿರ್ಣಯ ಮಾಡಿತು. ಘೋಷಣೆ ಇಲ್ಲ, ಧಿಕ್ಕಾರ ಇಲ್ಲ. ಬಂದರಿಗೆ ಬರುವ ಪರದೇಶಿ ಯುದ್ಧನೌಕೆ 'ನನ್ನಲ್ಲಿ ಅಣ್ವಸ್ತ್ರ ಇಲ್ಲ' ಎಂದು ಒಂದು ಕಾಗದ ಕೊಡಬೇಕು. ಅಷ್ಟೇ. ಕಾಗದ ಕೊಟ್ಟರೆ ಸುಸ್ವಾಗತ. ಅಮೆರಿಕದ ನೌಕಾಪಡೆಯದೋ, ಇದೆ ಎಂದೂ ಹೇಳುವುದಿಲ್ಲ, ಇಲ್ಲ ಎಂದೂ ಹೇಳುವುದಿಲ್ಲ ಎಂಬ ನೀತಿ. ಕಾಗದ ಕೊಡುವ ಹಾಗಿಲ್ಲ. ಕಾಗದವಿಲ್ಲದೆ ಕೋಬೆ ಒಳಗೆ ಬಿಡುವ ಹಾಗಿರಲಿಲ್ಲ. ದಶಕಗಳ ಕಾಲ ಅಮೆರಿಕದ ಯುದ್ಧನೌಕೆ ಆ ಬಂದರಿನ ಕಡೆ ಮುಖ ಹಾಕಲಿಲ್ಲ. ಲೋಕದ ಅತಿ ದೊಡ್ಡ ನೌಕಾಪಡೆಯನ್ನು ಆಚೆ ನಿಲ್ಲಿಸಿದ್ದು ಒಂದು ಫಾರಂ.

ಅಯ್ಯೋ ದೇವರೇ, ಇದು ನಮ್ಮ ವಿದ್ಯೆ! ಕಾಗದ ಕೇಳುವುದರಲ್ಲಿ ನಮ್ಮನ್ನು ಮೀರಿಸುವವರು ಯಾರಿದ್ದಾರೆ? ಮನೆ ಕಟ್ಟಲು ಕಾಗದ, ಕಟ್ಟಿದ ಮನೆಗೆ ನುಗ್ಗಲು ಕಾಗದ, ಇಡ್ಲಿ ಬಂಡಿಗೆ ಲೈಸೆನ್ಸು, ಅಂಗಡಿ ಬೋರ್ಡಿಗೆ ಫೀಜು, ಕೋಚಿಂಗ್ ಸೆಂಟರಿಗೆ ಫೈರ್ ಎನ್‌ಓಸಿ, ಗಣೇಶನ ಪೆಂಡಾಲಿಗೆ ಪೊಲೀಸ್ ಪರವಾನಗಿ. ನಾಯಿಗೂ ಲೈಸೆನ್ಸಿದೆ. ಬದುಕಿರುವ ಪಿಂಚಣಿದಾರ ಪ್ರತಿ ನವೆಂಬರಿನಲ್ಲಿ ತಾನು ಬದುಕಿದ್ದೇನೆಂದು ಕಾಗದ ಕೊಡುತ್ತಾನೆ. ಈ ಮಹಾ ಜ್ಞಾನಭಂಡಾರದಲ್ಲಿ ಬಾಂಬಿನಿಂದ ಕೇಳುವ ಕಾಗದ ಒಂದೂ ಇಲ್ಲ. ಮೂರು ಕಾಲಿನ ಕುರ್ಚಿಯ ಚಾಯ್ ಅಂಗಡಿಯವನು ಗ್ಯಾಸ್ ಸಿಲಿಂಡರ್ ಎಲ್ಲಿಟ್ಟಿದ್ದಾನೆ ಎಂದು ಬಗ್ಗಿ ನೋಡುವ ಇನ್‌ಸ್ಪೆಕ್ಟರು ಕಂಚನ್‌ಬಾಗಿನ ಗೋಡೆಯ ಆಚೆ ಏನಿದೆ ಎಂದು ಕಣ್ಣೆತ್ತಿಯೂ ನೋಡುವುದಿಲ್ಲ. ನೋಡಿದರೆ ಒಳಗೆ ಹಾಕುತ್ತಾರೆ. ಕಾಗದ ನಮ್ಮಲ್ಲಿ ಇಳಿಜಾರಿನಲ್ಲಿ ಮಾತ್ರ ಹರಿಯುವ ನೀರು.

ಇಳಿಜಾರು ಹೇಗಿರುತ್ತದೆಂದು ನೋಡಬೇಕಾದರೆ ಚಿತ್ರದುರ್ಗ ಜಿಲ್ಲೆಗೆ ಬನ್ನಿ. ಚಳ್ಳಕೆರೆ ತಾಲೂಕಿನ ಅಮೃತಮಹಲ್ ಕಾವಲುಗಳು ದನ, ಕುರಿ ಮೇಯಿಸುವವರ, ಕಂಬಳಿ ನೇಯುವವರ ಬದುಕು. ಅಲ್ಲಿ ಡಿಆರ್‌ಡಿಓಗೆ ನಾಲ್ಕು ಸಾವಿರ ಎಕರೆಗೂ ಹೆಚ್ಚು, ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಸಾವಿರದ ಎಂಟುನೂರಕ್ಕೂ ಹೆಚ್ಚು ಎಕರೆ ಕೊಟ್ಟರು. ಯುರೇನಿಯಂ ಸಾಂದ್ರಗೊಳಿಸುವ ಘಟಕ ಅಲ್ಲಿಗೇ ಬರಬೇಕಾದದ್ದು. ಸುತ್ತಲಿನ ಹಳ್ಳಿಗಳಿಗೆ ಸುದ್ದಿ ಗೊತ್ತಾದದ್ದು ಬೇಲಿಯಿಂದ. ಕುರಿ ಬೇಲಿಗೆ ಮೂತಿ ತಾಗಿಸಿ ನಿಂತಾಗ ಕುರುಬ ರಾಷ್ಟ್ರೀಯ ಭದ್ರತೆಯನ್ನು ಮೊದಲ ಸಲ ಕಂಡ. 2013ರಲ್ಲಿ ಹಸಿರು ನ್ಯಾಯಪೀಠದ ಮುಂದೆ ವಿಷಯ ಹೋಯಿತು. ಅದೇ ಕುರುಬ ಕಾವಲಿನಲ್ಲೊಂದು ಗುಡಿಸಲು ಹಾಕಲಿ, ಪಂಚಾಯಿತಿಯ ಕಾಗದ ಎಲ್ಲಿ ಎಂದು ಅದೇ ದಿನ ಕೇಳುತ್ತಾರೆ.

ತೆಲಂಗಾಣದಲ್ಲಿ ಒಂದು ಬಾರಿ ನೀರು ಮೇಲಕ್ಕೆ ಹರಿದದ್ದುಂಟು. ನಲ್ಲಮಲ ಕಾಡಿನಲ್ಲಿ ಯುರೇನಿಯಂ ಅಗೆಯುವ ಮಾತು ಬಂದಾಗ ಅಮ್ರಾಬಾದಿನ ಹಳ್ಳಿಗರಿಂದ ಸಿನಿಮಾದವರವರೆಗೆ ಎಲ್ಲರೂ ಎದ್ದರು. 2019ರ ಸೆಪ್ಟೆಂಬರಿನಲ್ಲಿ ವಿಧಾನಸಭೆ ಬೇಡವೆಂದು ಒಮ್ಮತದ ನಿರ್ಣಯ ಮಾಡಿತು. ಅದಕ್ಕೂ ಮೊದಲು, 2003ರಲ್ಲಿ, ಹೈದರಾಬಾದಿನ ಕುಡಿಯುವ ನೀರಿನ ಮೂಲವಾದ ನಾಗಾರ್ಜುನ ಸಾಗರದ ಪಕ್ಕ ಪೆದ್ದಗಟ್ಟುವಿನಲ್ಲಿ ಗಣಿ ಬೇಡವೆಂದು ಜನ ಕೂಗಿದ್ದರು. ನಾನೂ ಆ ನೀರು ಕುಡಿಯುವವನು, ಕೂಗಿದವರಿಗೆ ಕೈಮುಗಿದೆ. ಆದರೂ ಒಂದು ತಕರಾರು. ಅದಿರು ನೆಲದಲ್ಲಿದ್ದಾಗ ನಮಗೆ ಅಷ್ಟು ಭಯ. ಅದು ನಾಗರಿಕ ಉಡುಪು ಹಾಕಿಕೊಂಡು, ಗೇಟು, ಕ್ವಾರ್ಟರ್ಸು, ಕ್ಯಾಂಟೀನಿನೊಂದಿಗೆ ಊರೊಳಗೆ ಬಂದು ಕೂತರೆ ಭಯ ಹೋಗಿ ಬಸ್ ಸ್ಟಾಪು ಬರುತ್ತದೆ. ಅಲ್ಲಿ ನಮ್ಮ ಸಂಬಂಧಿಕರ ಮಗ ಕೆಲಸದಲ್ಲಿದ್ದಾನೆ ಎಂಬುದೂ ಸುಳ್ಳಲ್ಲ. ನನ್ನ ಕನ್ನಡದ ಗೆಳೆಯರಲ್ಲೇ, ಕಾಚಿಗುಡದ ನೃಪತುಂಗ ಶಾಲೆಯಲ್ಲಿ ಓದಿ ಬಂದವರಲ್ಲೇ, ಆ ಗೋಡೆಗಳ ಒಳಗೆ ಜೀವಮಾನ ಕಳೆದವರಿದ್ದಾರೆ. ಒಳ್ಳೆಯವರು. ಏನು ಮಾಡುತ್ತಿದ್ದಿರಿ ಎಂದು ಕೇಳಿದರೆ ಹೋಳಿಗೆ ಬಡಿಸುತ್ತಾರೆ.

ಕಾಗದದ ಭಕ್ತಿ ಅತಿಯಾದರೆ ಏನಾಗುತ್ತದೆಂದೂ ಹೇಳಬೇಕು, ಇಲ್ಲವಾದರೆ ನಾನು ಕೋಬೆಯ ಏಜೆಂಟ್ ಅನ್ನುತ್ತೀರಿ. ಅಮೆರಿಕದ ಬರ್ಕ್‌ಲಿ ನಗರ 1986ರಲ್ಲಿ ಅಣ್ವಸ್ತ್ರ ಮುಕ್ತ ಕಾಯ್ದೆ ಮಾಡಿಕೊಂಡಿತು: ಅಣ್ವಸ್ತ್ರ ಉದ್ಯಮದ ನಂಟಿರುವ ಕಂಪನಿಯೊಂದಿಗೆ ನಗರಸಭೆ ವ್ಯವಹರಿಸಕೂಡದು. 2009ರಲ್ಲಿ ಅಲ್ಲಿನ ಗ್ರಂಥಾಲಯದ ಪುಸ್ತಕ ಸ್ಕ್ಯಾನ್ ಮಾಡುವ ಯಂತ್ರಗಳನ್ನು ರಿಪೇರಿ ಮಾಡಬೇಕಾದ ತ್ರೀಎಂ ಕಂಪನಿ ಆ ಮುಚ್ಚಳಿಕೆಗೆ ಸಹಿ ಹಾಕಲಿಲ್ಲ. ಲೋಕಶಾಂತಿಗಾಗಿ ಓದುಗರು ಕೈಯಲ್ಲಿ ಪುಸ್ತಕ ಹಿಡಿದು ಪರದಾಡುವ ಹೊತ್ತು ಬಂತು. ನಗರಸಭೆ ಕೂತು ಚರ್ಚಿಸಿ ವಿನಾಯಿತಿ ಕೊಟ್ಟಿತು. ನಗಬಹುದು. ನಾನೂ ನಕ್ಕೆ. ಆಮೇಲೆ, ಒಂದು ಊರು ತನ್ನ ತತ್ವಕ್ಕೂ ಲೈಬ್ರರಿಗೂ ನಡುವೆ ಸಿಕ್ಕಿ ಒದ್ದಾಡಿತಲ್ಲ, ಎರಡೂ ಇತ್ತಲ್ಲ ಅದರ ಹತ್ತಿರ, ಎಂದು ಹೊಟ್ಟೆಕಿಚ್ಚಾಯಿತು.

ನಮ್ಮ ಕೌನ್ಸಿಲ್ ಇಂಥ ನಿರ್ಣಯ ತಂದರೆ ದೇಶದ್ರೋಹ ಅನ್ನುವವರಿದ್ದಾರೆ, ಗೊತ್ತು. ಅವರಿಗೆ ಒಂದು ಸುಲಭದ ಉಪಾಯವಿದೆ. 1988ರ ಜೂನ್ 9ರಂದು ರಾಜೀವ್ ಗಾಂಧಿ ವಿಶ್ವಸಂಸ್ಥೆಯಲ್ಲಿ ನಿಂತು, 2010ರ ಹೊತ್ತಿಗೆ ಲೋಕದ ಎಲ್ಲ ಅಣ್ವಸ್ತ್ರಗಳನ್ನೂ ಇಲ್ಲವಾಗಿಸುವ ಯೋಜನೆ ಮಂಡಿಸಿದರು. ಅಣ್ವಸ್ತ್ರ ಮುಕ್ತ ಜಗತ್ತೇ ನಮ್ಮ ಗುರಿ ಎಂದು ನಂತರದ ಸರ್ಕಾರಗಳೂ, ಪೋಖ್ರಾನ್ ಮಾಡಿದವರೂ, ಹೇಳುತ್ತಲೇ ಬಂದಿವೆ. ಅದನ್ನೇ ನಕಲು ಮಾಡಿ ಕೆಳಗೆ ಮೇಯರ್ ಸಹಿ ಹಾಕಿದರಾಯಿತು. ಸರ್ಕಾರದ ನೀತಿಯನ್ನು ನಂಬಿದ ತಪ್ಪಿಗೆ ಯಾವ ಸೆಕ್ಷನ್ನಿನಲ್ಲಿ ಕೇಸು ಹಾಕುತ್ತಾರೋ ನೋಡೋಣ. ಗುರಿ ಅದೇ ಆದರೂ, 2017ರಲ್ಲಿ 122 ದೇಶಗಳು ಅಣ್ವಸ್ತ್ರ ನಿಷೇಧ ಒಪ್ಪಂದಕ್ಕೆ ಮತ ಹಾಕಿದಾಗ ನಾವು ಆ ಕೋಣೆಗೇ ಹೋಗಿರಲಿಲ್ಲ. ಖಾಸಗಿಯವರಿಗೆ ಅಣು ವಿದ್ಯುತ್ತಿನ ಬಾಗಿಲು ತೆರೆಯಲು 2025ರ ಡಿಸೆಂಬರಿನಲ್ಲಿ ಸಂಸತ್ತು ಮಾಡಿದ ಕಾಯ್ದೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕಷ್ಟಪಟ್ಟು ಜೋಡಿಸಿದರೆ ಬರುವುದು 'ಶಾಂತಿ'. ಸಿಕ್ಕಿತಲ್ಲ, ಇನ್ನೇನು ಬೇಕು.

ಇಷ್ಟನ್ನೂ ನಾನು ಕೊನೆಗೆ ಹೇಳಿಕೊಂಡದ್ದು ನಮ್ಮ ವಾಚ್‌ಮನ್ ಹತ್ತಿರ. ಅವನು ಕೃಷ್ಣಾ ಸ್ಟೇಷನ್ ಕಡೆಯವನು. ನಾರಾಯಣಪೇಟೆ ಜಿಲ್ಲೆಯಾದರೂ ಮನೆಮಾತು ರಾಯಚೂರಿನ ಕನ್ನಡ. ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ದಾರ ಕಟ್ಟಿದ ಪೆನ್ನಿನ ರಿಜಿಸ್ಟರು: ಹೆಸರು, ಗಾಡಿ ನಂಬರು, ಯಾವ ಫ್ಲ್ಯಾಟು, ಏನು ಕೆಲಸ, ಬಂದ ಟೈಮು, ಹೋದ ಟೈಮು. ಕೋಬೆಯ ಕಥೆ ಪೂರ್ತಿ ಕೇಳಿ ಅವನಿಗೆ ಅಂಥ ಆಶ್ಚರ್ಯವೇನೂ ಆಗಲಿಲ್ಲ.

"ಇಷ್ಟ ಏನ್ರಿ ಸರ? ಬರೀಲಿಲ್ಲಂದ್ರ ಒಳಗ ಬಿಡಾಂಗಿಲ್ಲ ಅಂದಾರ. ನಾವೂ ಅದನ್ನ ಮಾಡ್ತೀವಲ್ರಿ."

"ಹಂಗಾದ್ರ ಬಾಂಬ್ ಬಂದ್ರ ಏನ್ ಬರಸ್ತೀಯಪ್ಪ?"

ಅವನು ರಿಜಿಸ್ಟರ್ ತಿರುವಿ, ನಿಜವಾಗಿಯೂ ಯೋಚಿಸಿದ. "ಯಾವ ಫ್ಲ್ಯಾಟಿಗೆ ಅಂತ ಕೇಳ್ತೀನ್ರಿ ಮೊದಲ. ಹೋದ ಟೈಮ್ ಖಾಲಿ ಬಿಡಬೇಕಾಗ್ತದ ಅನಸ್ತದ."

ಅಷ್ಟರಲ್ಲಿ ಊಟ ತಂದ ಹುಡುಗನೊಬ್ಬ ಬೈಕ್ ನಿಲ್ಲಿಸಿ ಒಳಗೆ ಓಡಲು ನೋಡಿದ. ವಾಚ್‌ಮನ್ ಕೈ ಅಡ್ಡ ಇಟ್ಟ. ಹುಡುಗ ಒಂದು ಕಣ್ಣು ಮೊಬೈಲಿನ ಗಡಿಯಾರದ ಮೇಲಿಟ್ಟು ಹೆಸರು ಬರೆದ, ನಂಬರ್ ಬರೆದ. ಪೆನ್ನಿನ ಶಾಯಿ ಅರ್ಧಕ್ಕೆ ನಿಂತಿತು, ಅಂಗೈ ಮೇಲೆ ಗೀಚಿ ಮತ್ತೆ ಬರೆದ. ಅವನ ಬೆನ್ನ ಹಿಂದೆ, ಕಪ್ಪು ಗಾಜಿನ, ಮುಂದೆ ಬಾವುಟದ ಕೋಲು ನೆಟ್ಟ, ನಂಬರ್ ಪ್ಲೇಟಿಗೆ ಧೂಳು ಹಿಡಿದ ಬಿಳಿ ಕಾರೊಂದು ಬಂದು ಒಂದೇ ಒಂದು ಹಾರನ್ ಹಾಕಿತು. ವಾಚ್‌ಮನ್ ರಿಜಿಸ್ಟರ್ ಕುರ್ಚಿಯ ಮೇಲೆಸೆದು ಓಡಿಹೋಗಿ ಎರಡೂ ಗೇಟು ತೆರೆದು ಸಲಾಂ ಹೊಡೆದ. ಕಾರು ನೇರ ಒಳಗೆ ಹೋಯಿತು.

"ಯಾರಪ್ಪ ಅವರು?"

"ಗೊತ್ತಿಲ್ರಿ ಸರ."

ಹುಡುಗ ಇನ್ನೂ 'ಏನು ಕೆಲಸ' ಎಂಬಲ್ಲಿ ಬಿರಿಯಾನಿ ಎಂದು ಬರೆಯುತ್ತಿದ್ದ.